"ಸ್ಕೋರ್ ಸರಿ ಮಾಡಿಕೊಡ್ತೀವಿ" ಅನ್ನೋ ಕಂಪನಿಗಳನ್ನ ನಂಬಬಹುದಾ?

ಚಿಲ್ಲರೆ ಡಬ್ಬಿ
ಫೋನ್ ತೆಗೆದ್ರೆ ಸಾಕು, "30 ದಿನದಲ್ಲಿ ಸಿಬಿಲ್ ಸ್ಕೋರ್ 750 ದಾಟಿಸ್ತೀವಿ, ಸೆಟಲ್ಡ್ (ಪೂರ್ತಿ ಕಟ್ಟದೆ ಕಡಿಮೆ ಮೊತ್ತಕ್ಕೆ ಸಾಲ ಮುಗಿಸಿದ್ದು) ಅಂತ ಇರೋದನ್ನ ಅಳಿಸ್ತೀವಿ, ಮೊದಲು ಫೀಸ್ ಕಟ್ಟಿ" ಅನ್ನೋ ಜಾಹೀರಾತು. ಅದರ ಬೆನ್ನಿಗೇ "ದಾಖಲೆ ಬೇಡ, 5 ನಿಮಿಷದಲ್ಲಿ ಸಾಲ" ಅಂತ ಇನ್ನೊಂದು. ಇವರು ನಿಜವಾಗ್ಲೂ ಏನು ಮಾಡ್ತಾರೆ? ಅಳಿಸೋ ಅಧಿಕಾರ ಯಾರಿಗಿದೆ? ಸ್ಕೋರ್ ಕೊಡೋ ಕಂಪನಿಗಳನ್ನಾದ್ರೂ ನಂಬಬಹುದಾ ಅಥವಾ ಅವೂ ಇದೇ ಗುಂಪಾ? ವಿಷಯ ಗೊತ್ತಿರೋರು ಸ್ವಲ್ಪ ಬಿಡಿಸಿ ಹೇಳಿ.

ಬಡ್ಡಿಲೆಕ್ಕ
ಮೂರು ಬೇರೆ ಬೇರೆ ಜಾತಿಯನ್ನ ಒಂದೇ ಬುಟ್ಟಿಗೆ ಹಾಕಿದ್ದೀರಿ.

ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಸಿಆರ್‌ಐಎಫ್ ಹೈ ಮಾರ್ಕ್. ಈ ನಾಲ್ಕೂ ಕ್ರೆಡಿಟ್ ಮಾಹಿತಿ ಕಂಪನಿಗಳು, ಬ್ಯೂರೋ ಅಂತಲೂ ಕರೀತಾರೆ. 2005ರ ಕಾಯ್ದೆ ಕೆಳಗೆ ರಿಸರ್ವ್ ಬ್ಯಾಂಕಿನ ಪರವಾನಗಿ ಇದೆ. ಇವು ಸಾಲ ಕೊಡಲ್ಲ, ಯಾರಿಗೆ ಕೊಡಬೇಕು ಅಂತ ತೀರ್ಮಾನಾನೂ ಮಾಡಲ್ಲ. ಬ್ಯಾಂಕು ಕಳಿಸಿದ್ದನ್ನ ಜೋಡಿಸಿ 300ರಿಂದ 900ರೊಳಗೆ ಒಂದು ಅಂಕಿ ಕೊಡುತ್ವೆ, ಅಷ್ಟೇ.

ಎರಡನೆಯದು ಸಾಲ ಕೊಡೋರು: ಬ್ಯಾಂಕ್, ಎನ್‌ಬಿಎಫ್‌ಸಿ (ಬ್ಯಾಂಕ್ ಅಲ್ಲದ ಸಾಲದ ಕಂಪನಿ), ಅವರ ಪರವಾಗಿ ಗಿರಾಕಿ ಹಿಡಿಯೋ ಆ್ಯಪ್.

ಮೂರನೆಯದು ನಿಮ್ಮ ಜಾಹೀರಾತಿನವರು. "ಸ್ಕೋರ್ ರಿಪೇರಿ" ಅನ್ನೋದಕ್ಕೆ ರಿಸರ್ವ್ ಬ್ಯಾಂಕ್ ಯಾವ ಲೈಸೆನ್ಸನ್ನೂ ಕೊಡಲ್ಲ. ಬೋರ್ಡ್ ಹಾಕಿಕೊಂಡ್ರೆ ಅಂಗಡಿ ಶುರು.

ಗೀಟು ಪುಸ್ತಕ
ಅಳಿಸೋ ಅಧಿಕಾರ ಯಾರಿಗೂ ಇಲ್ಲ ಗುರು. ತಪ್ಪಿದ್ರೆ ತಿದ್ದೋ ಅಧಿಕಾರ ಮಾತ್ರ, ಅದೂ ಸಾಲ ಕೊಟ್ಟವರು ಒಪ್ಪಿದ ಮೇಲೆ. ಸಿಬಿಲ್‌ನವರೇ ತಾವಾಗಿ ಒಂದು ಸಾಲು ಬದಲಾಯಿಸೋಹಾಗಿಲ್ಲ. ಹಂಗಿದ್ಮೇಲೆ ಬೀದಿಯ ಏಜೆಂಟ್ ಏನು ಬದಲಾಯಿಸ್ತಾನೆ?

ಅಡ್ಡಗೋಡೆ
ಹಂಗಂತ ಎಲ್ಲರನ್ನೂ ಕಳ್ಳರು ಅನ್ನೋದೂ ತಪ್ಪು. ಅರ್ಜಿ ಬರೆಯೋಕೆ, ಬ್ಯಾಂಕಿಗೆ ಮೇಲ್ ಹಾಕೋಕೆ ಬರದವರು ಎಷ್ಟೋ ಜನ ಇದ್ದಾರೆ. ಅವರ ಪರವಾಗಿ ಓಡಾಡಿ ಫೀಸ್ ತಗೊಂಡ್ರೆ ಏನು ತಪ್ಪು? ವಕೀಲರು ತಗೊಳ್ಳಲ್ವಾ?

ಗೀಟು ಪುಸ್ತಕ
ಅರ್ಜಿ ಬರೆದಿದ್ದಕ್ಕೆ ಕೂಲಿ ತಗೊಳ್ಳಲಿ, ಬೇಡ ಅಂದೋರ್ಯಾರು. "750 ಗ್ಯಾರಂಟಿ" ಅಂದಾಗಲೇ ಸುಳ್ಳು ಶುರು ಆಗೋದು. ನಿಜವಾದ ಬಾಕಿಯನ್ನ ತಪ್ಪು ಅಂತ ದೂರು ಹಾಕ್ತಾರೆ. ವರದಿಯಲ್ಲಿ ಆ ಖಾತೆ ಪಕ್ಕ "ವಿವಾದದಲ್ಲಿದೆ" ಅಂತ ಟಿಪ್ಪಣಿ ಬೀಳುತ್ತೆ. ಅದರ ಸ್ಕ್ರೀನ್‌ಶಾಟ್ ಕಳಿಸಿ "ನೋಡಿ ಸಾರ್, ಕೆಲಸ ಆಗ್ತಿದೆ" ಅಂತ ಎರಡನೇ ಕಂತು ವಸೂಲಿ. ಬ್ಯಾಂಕು "ನಮ್ಮ ಲೆಕ್ಕ ಸರಿಯಿದೆ" ಅಂದ ದಿನ ಟಿಪ್ಪಣಿ ಹೋಗುತ್ತೆ, ಬಾಕಿ ಹಂಗೇ ನಿಲ್ಲುತ್ತೆ.

ಇನ್ನೊಂದು ಅಪಾಯ ಇದಕ್ಕಿಂತ ದೊಡ್ಡದು. ಪ್ಯಾನ್, ಆಧಾರ್ ಪ್ರತಿ, ಓಟಿಪಿ ಎಲ್ಲಾ ಅವರ ಕೈಗೆ ಕೊಟ್ಟಿರ್ತೀರಿ. ಬ್ಯೂರೋ ಲಾಗಿನ್‌ನಲ್ಲಿ ಮೊಬೈಲ್ ನಂಬರ್, ಇಮೇಲ್ ಅವರದ್ದೇ ಹಾಕಿಕೊಂಡ್ರೆ ನಿಮ್ಮ ವರದಿಯ ಎಚ್ಚರಿಕೆ ಎಲ್ಲಾ ಅವರಿಗೇ ಹೋಗುತ್ತೆ. ಅದೇ ದಾಖಲೆ ಸಾಕು, ನಿಮ್ಮ ಹೆಸರಲ್ಲಿ ಸಾಲ ಎತ್ತೋಕೆ.

ಕಾಗದ ಪತ್ರ
ಸ್ವಂತಕ್ಕೆ ಮಾಡೋ ಕ್ರಮ ಬರೀತೀನಿ, ದುಡ್ಡು ಖರ್ಚಿಲ್ಲ.

2017ರಿಂದ ನಾಲ್ಕೂ ಕಂಪನಿ ವರ್ಷಕ್ಕೆ ಒಂದು ಪೂರ್ತಿ ವರದಿ ಪುಕ್ಕಟೆ ಕೊಡಲೇಬೇಕು, ಸ್ಕೋರ್ ಸಮೇತ. ಅವರವರ ವೆಬ್‌ಸೈಟ್‌ನಿಂದಲೇ ತೆಗೀರಿ, ಮಧ್ಯದ ಆ್ಯಪ್ ಬೇಡ. ಆ ಪುಕ್ಕಟೆ ಲಿಂಕನ್ನ ತಿಂಗಳ ಪ್ಲಾನ್‌ಗಳ ಮಧ್ಯೆ ಮೂಲೇಲಿ ಇಟ್ಟಿರ್ತಾರೆ, ಹುಡುಕಬೇಕು. ನಾಲ್ಕೂ ತೆಗೀರಿ, ಯಾಕಂದ್ರೆ ಒಂದರಲ್ಲಿ ಸರಿಯಿದ್ದು ಇನ್ನೊಂದರಲ್ಲಿ ಹಳೇ ಬಾಕಿ ಕೂತಿರಬಹುದು.

ವರದಿಯಲ್ಲಿ ಒಂದು ಕಂಟ್ರೋಲ್ ನಂಬರ್ ಇರುತ್ತೆ, ಬರೆದಿಟ್ಟುಕೊಳ್ಳಿ. ಆಮೇಲೆ ಆನ್‌ಲೈನ್ ಡಿಸ್ಪ್ಯೂಟ್ ಫಾರಂ. ಏನು ತಪ್ಪು ಅಂತ ಖಚಿತವಾಗಿ ಆರಿಸಬೇಕು: ಖಾತೆ ನನ್ನದಲ್ಲ, ಒಂದೇ ಖಾತೆ ಎರಡು ಸಲ ಬಂದಿದೆ, ಬಾಕಿ ಮೊತ್ತ ತಪ್ಪು, ಮುಚ್ಚಿದ ದಿನಾಂಕ ತಪ್ಪು, ಹೀಗೆ. "ಎಲ್ಲಾ ತಪ್ಪು" ಅಂತ ಬರೆದ್ರೆ ಹಂಗೇ ವಾಪಸ್ ಬರುತ್ತೆ.

ಅದೇ ದಿನ ಬ್ಯಾಂಕಿನ ದೂರು ವಿಭಾಗಕ್ಕೂ ಮೇಲ್ ಹಾಕಿ. ನೋ ಡ್ಯೂಸ್ ಸರ್ಟಿಫಿಕೇಟ್, ಕೊನೆ ಕಂತು ಕಟ್ಟಿದ ಸ್ಟೇಟ್‌ಮೆಂಟ್ ಪುಟ, ವರದಿಯ ಆ ಸಾಲಿನ ಪ್ರತಿ ಜೊತೆಗಿರಲಿ. ದೂರಿನ ನಂಬರ್ ಬರೋವರೆಗೆ ಬಿಡಬೇಡಿ.

ಬಡ್ಡಿಲೆಕ್ಕ
ಇದಕ್ಕೆ ಗಡುವು ಸೇರಿಸ್ತೀನಿ. ದೂರು ಕೊಟ್ಟ ದಿನದಿಂದ ಒಟ್ಟು 30 ದಿನ. ಅದರಲ್ಲಿ ಬ್ಯಾಂಕು ತಿದ್ದಿದ ಮಾಹಿತಿ ಕಳಿಸೋಕೆ 21 ದಿನ, ಉಳಿದಿದ್ದು ಬ್ಯೂರೋಗೆ. 30 ದಾಟಿದ್ರೆ ದಿನಕ್ಕೆ 100 ರೂಪಾಯಿ ನಿಮಗೆ ಪರಿಹಾರ. 2024ರ ಏಪ್ರಿಲ್ 26ರಿಂದ ಜಾರಿಯಲ್ಲಿದೆ. ಬ್ಯಾಂಕು 21 ದಿನದೊಳಗೆ ಕಳಿಸಿಲ್ಲ ಅಂದ್ರೆ ಬ್ಯಾಂಕು ಕೊಡಬೇಕು. ಕಳಿಸಿದ್ಮೇಲೂ ಬ್ಯೂರೋ ತಿದ್ದಲಿಲ್ಲ ಅಂದ್ರೆ ಬ್ಯೂರೋ ಕೊಡಬೇಕು. ದೂರು ಬಗೆಹರಿದ 5 ಕೆಲಸದ ದಿನದೊಳಗೆ ಖಾತೆಗೆ ಬೀಳಬೇಕು.

ಚಿಲ್ಲರೆ ಡಬ್ಬಿ
100 ರೂಪಾಯಿ ನಿಯಮ ಇದೆ ಅಂತಾನೇ ಗೊತ್ತಿರಲಿಲ್ಲ! ವರದಿ ಓದೋದು ಹೆಂಗೆ? ಪ್ರತಿ ಖಾತೆ ಕೆಳಗೆ ಚೌಕ ಚೌಕ, ಒಳಗೆ 000, ಎಕ್ಸ್‌ಎಕ್ಸ್‌ಎಕ್ಸ್, 032 ಅಂತೆಲ್ಲಾ ಇರುತ್ತಲ್ಲ?

ಗೀಟು ಪುಸ್ತಕ
ಅದೇ ವರದಿಯ ಜೀವ. ಡೇಸ್ ಪಾಸ್ಟ್ ಡ್ಯೂ, ಅಂದ್ರೆ ಆ ತಿಂಗಳು ಕಂತು ಎಷ್ಟು ದಿನ ತಡವಾಗಿತ್ತು ಅಂತ. 36 ತಿಂಗಳದ್ದು ಇರುತ್ತೆ.

000 ಅಂದ್ರೆ ಬಾಕಿ ಇಲ್ಲ. 032 ಅಂದ್ರೆ 32 ದಿನ ತಡ. ಎಸ್‌ಟಿಡಿ ಅಂದ್ರೆ ಸ್ಟ್ಯಾಂಡರ್ಡ್, ಚಿಂತೆ ಇಲ್ಲ. ಎಸ್‌ಯುಬಿ (ಸಬ್‌ಸ್ಟ್ಯಾಂಡರ್ಡ್), ಡಿಬಿಟಿ (ವಸೂಲಿ ಅನುಮಾನ), ಎಲ್‌ಎಸ್‌ಎಸ್ (ನಷ್ಟ) ಇದ್ರೆ ಒಂದಕ್ಕಿಂತ ಒಂದು ಕೆಟ್ಟದು. ಎಕ್ಸ್‌ಎಕ್ಸ್‌ಎಕ್ಸ್ ನೋಡಿ ಎದೆ ಹೊಡ್ಕೋಬೇಡಿ, ಆ ತಿಂಗಳು ಬ್ಯಾಂಕು ಮಾಹಿತಿ ಕಳಿಸಿಲ್ಲ ಅಷ್ಟೇ.

ಎಲ್ಲಾ ಚೌಕದಲ್ಲೂ 000 ಇದ್ದು ಮಧ್ಯದ ಒಂದರಲ್ಲಿ ಮಾತ್ರ 030 ಅಂತಿದ್ರೆ ಆ ತಿಂಗಳ ಪಾಸ್‌ಬುಕ್ ನೋಡಿ. ಖಾತೆಯಲ್ಲಿ ದುಡ್ಡಿದ್ದೂ ಆಟೋ ಡೆಬಿಟ್ ಹೋಗಿರದೇ ಇದ್ರೆ ಅದು ಬ್ಯಾಂಕಿನ ತಪ್ಪು, ತಿದ್ದಿಸಬಹುದು. ದುಡ್ಡೇ ಇರಲಿಲ್ಲ ಅಂದ್ರೆ ಸುಮ್ಮನಿರಿ.

ಜೋಳದ ತೆನಿ
ಸೆಟಲ್ಡ್ ಅಂತ ಬಂದ್ರ ಏನ್ ಚಿಂತಿ ಇಲ್ರೀ, 7 ವರ್ಷ ಆದ್ಮ್ಯಾಲೆ ತಾನಾಗೇ ಹೋಗ್ತದ. ಕಾಯೋದಷ್ಟೇ.

ಬಡ್ಡಿಲೆಕ್ಕ
ಇದು ಎಲ್ಲಾ ಕಡೆ ಓಡಾಡೋ ತಪ್ಪು ಮಾಹಿತಿ. ಬ್ಯೂರೋಗಳು ಮಾಹಿತಿಯನ್ನ ಕನಿಷ್ಠ 7 ವರ್ಷ ಇಟ್ಟುಕೊಳ್ಳಬೇಕು ಅನ್ನೋದು ನಿಯಮ. ಕನಿಷ್ಠ! 7 ವರ್ಷ ಆದ ತಕ್ಷಣ ಅಳಿಸಬೇಕು ಅಂತ ಎಲ್ಲೂ ಇಲ್ಲ.

ಜೋಳದ ತೆನಿ
ಹಂಗಾದ್ರ ಸೆಟಲ್ಡ್ ಅನ್ನೋದನ್ನ ತಗಸೋದು ಹೆಂಗ್ರೀ?

ಕಾಗದ ಪತ್ರ
ಬಿಟ್ಟುಕೊಟ್ಟ ಮೊತ್ತವನ್ನ ಕಟ್ಟಿ. 80 ಸಾವಿರ ಬಾಕಿಯಲ್ಲಿ 50 ಸಾವಿರಕ್ಕೆ ಇತ್ಯರ್ಥ ಆಗಿದ್ರೆ, ಉಳಿದ 30 ಸಾವಿರ ಕಟ್ಟೋಕೆ ಸಿದ್ಧ ಅಂತ ಸಾಲದಾತರಿಗೆ ಬರೀರಿ. ಕಟ್ಟೋ ಮುಂಚೆಯೇ "ಪೂರ್ತಿ ಪಾವತಿ ಆದ ಮೇಲೆ ಕ್ಲೋಸ್ಡ್ ಅಂತ ವರದಿ ಮಾಡ್ತೀವಿ" ಅನ್ನೋ ಪತ್ರ ಕೈಗೆ ಬರಲಿ. ಬಾಯಿಮಾತಿಗೆ ಕಟ್ಟಬೇಡಿ, ಆಮೇಲೆ ಬ್ರಾಂಚಿನವರು ಕಲೆಕ್ಷನ್‌ನವರ ಮೇಲೆ, ಕಲೆಕ್ಷನ್‌ನವರು ಬ್ರಾಂಚಿನ ಮೇಲೆ ಹಾಕ್ತಾರೆ. ಸಾಲವನ್ನ ಬೇರೆ ಕಂಪನಿಗೆ ಮಾರಿಬಿಟ್ಟಿದ್ರೆ ಕಟ್ಟಬೇಕಾದ್ದು ಅವರಿಗೆ, ಪತ್ರವೂ ಅವರದ್ದೇ ಬೇಕು.

ಸ್ಥಿತಿ ಕ್ಲೋಸ್ಡ್ ಆದರೂ ಹಳೇ ತಡದ ಚೌಕಗಳು ಉಳಿಯುತ್ವೆ. 

ಅಡ್ಡಗೋಡೆ
ಸೆಟಲ್‌ಮೆಂಟ್ ಮಾಡಿಸೋ ಕಂಪನಿಗಳ ವಿಷಯ ಯಾರೂ ಎತ್ತಲಿಲ್ಲ. "ಇಎಂಐ ನಿಲ್ಲಿಸಿ, ಆ ದುಡ್ಡು ನಮ್ಮಲ್ಲಿ ಕಟ್ಟಿ, ನಾವು ಅರ್ಧಕ್ಕೆ ಇಳಿಸ್ತೀವಿ" ಅಂತಾರಲ್ಲ. ಕಂತು ಕಟ್ಟೋಕೇ ಆಗದೇ ಇರೋರಿಗೆ ಇದು ಒಳ್ಳೇದೇ ಅಲ್ವಾ?

ಬಡ್ಡಿಲೆಕ್ಕ
ಅವರು ಹೇಳದೇ ಬಿಡೋ ಭಾಗ ಹೇಳ್ತೀನಿ. ನಿಲ್ಲಿಸಿದ ಮೊದಲ ತಿಂಗಳು ಎಸ್‌ಎಂಎ-0 (ಎಸ್‌ಎಂಎ ಅಂದ್ರೆ ಸಾಲ ಕೆಡೋ ಸೂಚನೆ ಇರೋ ಖಾತೆ), 31ರಿಂದ 60 ದಿನಕ್ಕೆ ಎಸ್‌ಎಂಎ-1, 61ರಿಂದ 90ಕ್ಕೆ ಎಸ್‌ಎಂಎ-2, 90 ದಾಟಿದ್ರೆ ಎನ್‌ಪಿಎ, ಅಂದ್ರೆ ಕೆಟ್ಟ ಸಾಲ. ಅಷ್ಟರಲ್ಲಿ ದಂಡ, ಬಡ್ಡಿ ಸೇರಿ ಬಾಕಿ ಉಬ್ಬಿರುತ್ತೆ. ಆ ಉಬ್ಬಿದ ಮೊತ್ತದ ಮೇಲೆ "ಅರ್ಧ ಕಡಿಮೆ ಮಾಡಿಸಿದ್ವಿ" ಅಂತ ಲೆಕ್ಕ ತೋರಿಸ್ತಾರೆ. ಅದರ ಮೇಲೆ ಅವರ ಫೀಸ್.

ಕೋರ್ಟಿನ ಅಪಾಯ ಬೇರೆ. ಚೆಕ್ ಕೊಟ್ಟಿದ್ದು ಬೌನ್ಸ್ ಆದ್ರೆ ನೆಗೋಷಿಯೇಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ ಸೆಕ್ಷನ್ 138. ಈಗ ಎಲ್ಲಾ ಆಟೋ ಡೆಬಿಟ್ ಅಲ್ವಾ, ಅದು ದುಡ್ಡಿಲ್ಲದೆ ಬೌನ್ಸ್ ಆದ್ರೆ 2007ರ ಪಾವತಿ ಕಾಯ್ದೆಯ ಸೆಕ್ಷನ್ 25. ಎರಡರಲ್ಲೂ 2 ವರ್ಷದವರೆಗೆ ಜೈಲು ಅಥವಾ ಮೊತ್ತದ ಎರಡರಷ್ಟು ದಂಡ, ಇಲ್ಲವೇ ಎರಡೂ ಆಗಬಹುದು. "ಕಂತು ನಿಲ್ಲಿಸಿ" ಅಂದ ಕಂಪನಿ ಕೋರ್ಟಿಗೆ ನಿಮ್ಮ ಬದಲು ಬರಲ್ಲ.

ಕಟ್ಟೋಕೆ ಆಗಲ್ಲ ಅಂತ ಮುಂಚೆಯೇ ಗೊತ್ತಾದ್ರೆ, ಮೊದಲ ಕಂತು ತಪ್ಪೋ ಮೊದಲೇ ಬ್ಯಾಂಕಿಗೆ ಅವಧಿ ಹೆಚ್ಚಿಸಿ ಅಂತ ಬರೀರಿ. ಅದೂ ರೀಸ್ಟ್ರಕ್ಚರ್ಡ್ ಅಂತ ವರದಿಯಲ್ಲಿ ಕಾಣಬಹುದು, ಆದ್ರೂ ಸೆಟಲ್ಡ್‌ಗಿಂತ ಎಷ್ಟೋ ವಾಸಿ.

ಅಡ್ಡಗೋಡೆ
ಸರಿ, ಸೆಕ್ಷನ್ 25 ನನ್ನ ತಲೇಲಿ ಇರಲಿಲ್ಲ. ಈ ವಿಷಯದಲ್ಲಿ ಸೋಲು ಒಪ್ಪಿಕೊಂಡೆ. ಅರ್ಜಿ ಬರೆದ ಕೂಲಿ ವಿಷಯದಲ್ಲಿ ಇಲ್ಲ!

ತೆಂಗಿನಗರಿ
ಸ್ಕೋರ್ ಮತ್ತೆ ಮತ್ತೆ ನೋಡಿದ್ರೆ ಇಳಿಯುತ್ತೆ ಅಂತಾರಲ್ಲ ಮಾರಾಯ್ರೆ?

ಗೀಟು ಪುಸ್ತಕ
ನೀವೇ ನೋಡಿಕೊಂಡ್ರೆ ಒಂದು ಅಂಕಿಯೂ ಇಳಿಯಲ್ಲ. ಸಾಲಕ್ಕೆ ಅರ್ಜಿ ಹಾಕಿದಾಗ ಬ್ಯಾಂಕು ತೆಗೆಸಿದ್ರೆ ಮಾತ್ರ ಲೆಕ್ಕಕ್ಕೆ. ಒಂದೇ ವಾರದಲ್ಲಿ ಐದಾರು ಕಡೆ "ಎಲಿಜಿಬಿಲಿಟಿ ಚೆಕ್" ಒತ್ತೋದು ಕೆಟ್ಟದ್ದು, ಕೆಲವು ಆ್ಯಪ್ ಆ ಬಟನ್ ಹಿಂದೆ ನಿಜವಾದ ಅರ್ಜಿಯನ್ನೇ ಇಟ್ಟಿರುತ್ತೆ. ಒತ್ತೋ ಮುಂಚೆ ಒಪ್ಪಿಗೆಯ ಸಾಲು ಓದಿ. ನಿಮ್ಮ ವರದಿಯನ್ನ ಯಾರಾದ್ರೂ ತೆಗೆದ್ರೆ ಬ್ಯೂರೋ ನಿಮಗೆ ಎಸ್‌ಎಂಎಸ್ ಅಥವಾ ಇಮೇಲ್ ಕಳಿಸಬೇಕು ಅಂತಾನೂ ನಿಯಮ ಇದೆ, ಅದಕ್ಕೇ ನಂಬರ್ ಸರಿಯಿರಲಿ ಅಂದಿದ್ದು.

ತೆಂಗಿನಗರಿ
ಸರಿ. ಆ್ಯಪ್ ಅಸಲಿಯೋ ನಕಲಿಯೋ ಅಂತ ಗುರುತು ಹಿಡಿಯೋದು ಹೇಗೆ? ಪ್ಲೇ ಸ್ಟೋರ್‌ನಲ್ಲಿ 4.5 ಸ್ಟಾರ್ ಇದ್ರೆ ಸಾಕಾ?

ಕಾಗದ ಪತ್ರ
ಸ್ಟಾರ್ ನೋಡಿ ಸಾಲ ತಗೊಳ್ಳೋದು, ಡಬ್ಬದ ಮೇಲಿನ ಚಿತ್ರ ನೋಡಿ ಮಾತ್ರೆ ನುಂಗಿದ ಹಾಗೆ.

ಆ್ಯಪ್ ಹೆಸರು ಮುಖ್ಯ ಅಲ್ಲ, ಅದರ ಹಿಂದೆ ಸಾಲ ಕೊಡ್ತಿರೋ ಬ್ಯಾಂಕ್ ಅಥವಾ ಎನ್‌ಬಿಎಫ್‌ಸಿ ಯಾವುದು ಅನ್ನೋದು ಮುಖ್ಯ. ಆ ಹೆಸರು ಆ್ಯಪ್‌ನಲ್ಲಿ ಎದ್ದು ಕಾಣಬೇಕು. ಆಮೇಲೆ ರಿಸರ್ವ್ ಬ್ಯಾಂಕ್ ವೆಬ್‌ಸೈಟಿನ ಎನ್‌ಬಿಎಫ್‌ಸಿ ಪಟ್ಟಿಯಲ್ಲಿ ಆ ಹೆಸರು ಅಕ್ಷರಕ್ಕಕ್ಷರ ಇದೆಯಾ ನೋಡಿ. ನಕಲಿಗಳು ಒಂದಕ್ಷರ ಬದಲಿಸಿ ಹೆಸರು ಇಡ್ತಾರೆ. 2025ರ ಜುಲೈನಿಂದ ಡಿಜಿಟಲ್ ಸಾಲದ ಆ್ಯಪ್‌ಗಳ ಪಟ್ಟಿಯೂ ಅಲ್ಲೇ ಇದೆ. ಅದು ಸಾಲದಾತರು ಕಳಿಸಿದ ಪಟ್ಟಿ, ರಿಸರ್ವ್ ಬ್ಯಾಂಕಿನ ಸರ್ಟಿಫಿಕೇಟ್ ಅಲ್ಲ. ಆ್ಯಪ್ ಅದರಲ್ಲಿ ಇಲ್ಲ ಅಂದ್ರೆ ಮಾತ್ರ ಅಲ್ಲಿಗೇ ಬಿಟ್ಟುಬಿಡಿ.

ಎರಡನೇದು ಅನುಮತಿ. ಕಾಂಟ್ಯಾಕ್ಟ್ಸ್, ಕಾಲ್ ಲಾಗ್, ಗ್ಯಾಲರಿ ಕೇಳಿದ್ರೆ ಅಲ್ಲೇ ಅನ್‌ಇನ್‌ಸ್ಟಾಲ್. ಕ್ಯಾಮೆರಾ, ಮೈಕ್, ಲೊಕೇಶನ್ ಕೆವೈಸಿಗೆ ಅಂತ ಒಂದೇ ಸಲ, ಅದೂ ನಿಮ್ಮ ಒಪ್ಪಿಗೆ ಮೇಲೆ.

ಮೂರನೇದು ದುಡ್ಡಿನ ದಾರಿ. ಸಾಲದಾತರ ಖಾತೆಯಿಂದ ನೇರ ನಿಮ್ಮ ಖಾತೆಗೆ ಬರಬೇಕು, ಕಂತೂ ನೇರ ಅವರಿಗೇ ಹೋಗಬೇಕು. ಯಾವುದೋ ವ್ಯಕ್ತಿಯ ಯುಪಿಐಗೆ ಹಾಕಿ ಅಂದ್ರೆ, ಅಥವಾ ಸಾಲ ಬರೋ ಮುಂಚೆಯೇ "ಇನ್ಶೂರೆನ್ಸ್ ಡಿಪಾಸಿಟ್" ಕೇಳಿದ್ರೆ ಅದು ಸಾಲ ಅಲ್ಲ, ಮೋಸ.

ಶೂನ್ಯ ಸಂಪಾದಕ
7 ದಿನದ ಸಾಲ ಕೊಡೋ ಆ್ಯಪ್ ಪ್ಲೇ ಸ್ಟೋರ್‌ನಲ್ಲಿ ಇರೋಹಾಗೇ ಇಲ್ಲ. 60 ದಿನ ಅಥವಾ ಅದಕ್ಕಿಂತ ಕಡಿಮೆ ಅವಧಿಯಲ್ಲಿ ಪೂರ್ತಿ ಕಟ್ಟಬೇಕಾದ ವೈಯಕ್ತಿಕ ಸಾಲಕ್ಕೆ ಗೂಗಲ್ ನೀತಿಯಲ್ಲಿ ಜಾಗ ಇಲ್ಲ. ವಾಟ್ಸಾಪ್‌ನಲ್ಲಿ ಬರೋ ಎಪಿಕೆ ಫೈಲ್ (ಪ್ಲೇ ಸ್ಟೋರ್ ಬಿಟ್ಟು ನೇರವಾಗಿ ಆ್ಯಪ್ ಹಾಕೋ ಫೈಲ್) ಇದಕ್ಕೇ.

ಬಡ್ಡಿಲೆಕ್ಕ
ಅಸಲಿ ಕಂಪನಿಯೇ ಆದ್ರೂ ಜೇಬಿಗೆ ಕತ್ತರಿ ಬೀಳೋದು ಬಡ್ಡಿ ಹೇಳೋ ರೀತಿಯಲ್ಲಿ. ಇಲ್ಲಿ ಸ್ವಲ್ಪ ನಿಧಾನಕ್ಕೆ ಓದಿ.

1,00,000 ಸಾಲ, 12 ತಿಂಗಳು, "ಕೇವಲ 12% ಫ್ಲ್ಯಾಟ್". ಬಡ್ಡಿ 12,000, ಒಟ್ಟು 1,12,000, ತಿಂಗಳಿಗೆ 9,333. ಕೇಳೋಕೆ 12%. ಆದ್ರೆ ಪ್ರತಿ ತಿಂಗಳೂ ಅಸಲು ತೀರ್ತಾ ಹೋಗ್ತಿದ್ರೂ ಬಡ್ಡಿ ಮಾತ್ರ ಕೊನೆವರೆಗೂ ಪೂರ್ತಿ ಲಕ್ಷಕ್ಕೇ ಹಾಕಿದ್ದಾರೆ. ಇಳಿಯೋ ಅಸಲಿನ ಮೇಲೆ ಲೆಕ್ಕ ಹಾಕಿದ್ರೆ ಇದು ಸುಮಾರು 21.5%.

ಈಗ 2% ಪ್ರೊಸೆಸಿಂಗ್ ಫೀಸ್, ಅದಕ್ಕೆ 18% ಜಿಎಸ್‌ಟಿ. 2,360 ಮೊದಲೇ ಮುರಿದುಕೊಂಡು ಕೈಗೆ 97,640 ಕೊಡ್ತಾರೆ. ಕಂತು ಅದೇ 9,333. ಈಗ ದರ ಸುಮಾರು 26%. ಎಕ್ಸೆಲ್‌ನಲ್ಲಿ ರೇಟ್ ಫಂಕ್ಷನ್‌ಗೆ 12, ಮೈನಸ್ 9333, 97640 ಕೊಟ್ಟು ಬಂದಿದ್ದನ್ನ 12ರಿಂದ ಗುಣಿಸಿ, ನೀವೇ ನೋಡಿ.

ಈ ಆಟ ನಿಲ್ಲಿಸೋಕೆ ಅಂತಾನೇ 2024ರ ಅಕ್ಟೋಬರ್ 1ರಿಂದ ಎಲ್ಲಾ ರಿಟೇಲ್ ಸಾಲಕ್ಕೂ ಕೆಎಫ್‌ಎಸ್ ಅನ್ನೋ ಮುಖ್ಯಾಂಶ ಪತ್ರ ಕಡ್ಡಾಯ ಆಗಿದ್ದು. ಅದರಲ್ಲಿ ಎಪಿಆರ್ ಅಂತ ಒಂದು ಸಾಲಿರುತ್ತೆ, ಫೀಸು, ಇನ್ಶೂರೆನ್ಸ್ ಎಲ್ಲಾ ಸೇರಿದ ವಾರ್ಷಿಕ ದರ. ಜಾಹೀರಾತಿನ ಶೇಕಡಾ ಮರೆತು ಆ ಸಾಲು ಮಾತ್ರ ಹೋಲಿಸಿ. ಅದರಲ್ಲಿ ಇಲ್ಲದ ಶುಲ್ಕವನ್ನ ನಿಮ್ಮ ಸ್ಪಷ್ಟ ಒಪ್ಪಿಗೆ ಇಲ್ಲದೆ ಆಮೇಲೆ ಹಾಕೋಹಾಗಿಲ್ಲ.

ಜೋಳದ ತೆನಿ
ಆ ಪತ್ರ ಇಂಗ್ಲಿಷ್‌ನಾಗ ಕೊಟ್ರ ನಾವೇನ್ ಓದೂಣ್ರೀ?

ಬಡ್ಡಿಲೆಕ್ಕ
ಸಾಲಗಾರರಿಗೆ ಅರ್ಥ ಆಗೋ ಭಾಷೇಲೇ ಕೊಡಬೇಕು ಅಂತ ಅದೇ ನಿಯಮದಲ್ಲಿದೆ. ಕನ್ನಡದಲ್ಲಿ ಕೊಡಿ ಅಂತ ಧೈರ್ಯವಾಗಿ ಕೇಳಿ. 7 ದಿನ ಅಥವಾ ಹೆಚ್ಚಿನ ಅವಧಿಯ ಸಾಲಕ್ಕೆ ಆ ಪತ್ರ ಕನಿಷ್ಠ 3 ಕೆಲಸದ ದಿನ ಊರ್ಜಿತ. "ಈಗಲೇ ಸಹಿ ಹಾಕಿ, ಸಂಜೆ ಆಫರ್ ಮುಗಿಯುತ್ತೆ" ಅಂದ್ರೆ ಅವಸರ ಅವರದ್ದು, ನಿಮ್ಮದಲ್ಲ.

ಶೂನ್ಯ ಸಂಪಾದಕ
ಆ್ಯಪ್ ಸಾಲ ಆದ್ರೆ ತಗೊಂಡ ಮೇಲೂ ವಾಪಸ್ ಕೊಡೋ ಅವಕಾಶ ಇದೆ. ಕೂಲಿಂಗ್ ಆಫ್ ಅವಧಿ, ಕನಿಷ್ಠ 1 ದಿನ. ಅಸಲು ಮತ್ತೆ ಅಷ್ಟು ದಿನದ ಎಪಿಆರ್ ಕೊಟ್ಟು ಕೈ ತೊಳ್ಕೋಬಹುದು, ದಂಡ ಇಲ್ಲ. ಪ್ರೊಸೆಸಿಂಗ್ ಫೀಸ್ ಇಟ್ಟುಕೊಳ್ತೀವಿ ಅಂತ ಕೆಎಫ್‌ಎಸ್‌ನಲ್ಲಿ ಮೊದಲೇ ಬರೆದಿದ್ರೆ ಅದು ಮಾತ್ರ ಹೋಗುತ್ತೆ.

ತೆಂಗಿನಗರಿ
ಇದೆಲ್ಲ ಸಾಲದ ಮಾತಾಯ್ತು. ಕ್ರೆಡಿಟ್ ಕಾರ್ಡಲ್ಲಿ ಮಿನಿಮಮ್ ಡ್ಯೂ (ಬಿಲ್‌ನಲ್ಲಿ ಕನಿಷ್ಠ ಕಟ್ಟಬೇಕಾದ ಮೊತ್ತ) ಮಾತ್ರ ಕಟ್ಟಿದ್ರೆ ಸ್ಕೋರ್ ಉಳಿಯುತ್ತೆ ಅಲ್ವಾ? ಮತ್ಯಾಕೆ ಎಲ್ಲರೂ ಬೈಯೋದು?

ಗೀಟು ಪುಸ್ತಕ
ಸ್ಕೋರ್ ಉಳಿಯುತ್ತೆ, ದುಡ್ಡು ಉಳಿಯಲ್ಲ. 50,000 ಬಾಕಿ, ತಿಂಗಳಿಗೆ 3.5% ಅಂತ ಇಟ್ಕೊಳ್ಳಿ. ಬಡ್ಡಿ 1,750, ಅದರ ಮೇಲೆ ಜಿಎಸ್‌ಟಿ 315. ನೀವು 5% ಅಂತ 2,500 ಕಟ್ಟಿದ್ರೆ ಅಸಲಿಗೆ ಹೋಗಿದ್ದು 435. ಮೇಲಾಗಿ ಹೊಸ ಖರೀದಿಗೆ ಬಡ್ಡಿರಹಿತ ದಿನಗಳೂ ಹೋದ್ವು, ಹಾಲು ತಂದ್ರೂ ಆವತ್ತಿಂದಲೇ ಬಡ್ಡಿ.

ಸ್ಕೋರ್‌ಗೂ ಪೂರ್ತಿ ಕ್ಷೇಮ ಅಲ್ಲ. ಲಿಮಿಟ್‌ನಲ್ಲಿ ಎಷ್ಟು ಪಾಲು ಬಳಸಿದ್ದೀರಿ ಅನ್ನೋದೂ ಲೆಕ್ಕಕ್ಕೆ ಬರುತ್ತೆ. 30% ಒಳಗಿದ್ರೆ ಒಳ್ಳೇದು ಅನ್ನೋದು ರೂಢಿ ಮಾತು. ಬಿಲ್ ತಯಾರಾಗೋ ಎರಡು ಮೂರು ದಿನ ಮುಂಚೆ ಒಂದಿಷ್ಟು ಕಟ್ಟಿಬಿಟ್ಟರೆ ವರದಿಗೆ ಹೋಗೋ ಅಂಕಿಯೇ ಚಿಕ್ಕದಾಗುತ್ತೆ.

ಅಡ್ಡಗೋಡೆ
ಕಾರ್ಡ್ ಮುಚ್ಚಿಸೋದು ಇನ್ನೊಂದು ಮಹಾಯಜ್ಞ. ಫೋನ್ ಮಾಡಿದ್ರೆ ಮುಚ್ಚೋ ಬದಲು ಹೊಸ ಆಫರ್ ಹೇಳ್ತಾರೆ.

ಕಾಗದ ಪತ್ರ
ಬಾಕಿ ಸೊನ್ನೆ ಮಾಡಿ ಲಿಖಿತ ಕೋರಿಕೆ ಕೊಡಿ. 7 ಕೆಲಸದ ದಿನದೊಳಗೆ ಮುಚ್ಚಬೇಕು, ಇಲ್ಲಾಂದ್ರೆ ದಿನಕ್ಕೆ 500 ರೂಪಾಯಿ ನಿಮಗೆ. ಮನೆ ಸಾಲ ತೀರಿಸಿದವರಿಗೂ ಇಂಥದ್ದೇ ಇದೆ. ಪೂರ್ತಿ ತೀರಿಸಿದ 30 ದಿನದೊಳಗೆ ಆಸ್ತಿ ಪತ್ರ ವಾಪಸ್ ಕೊಡಬೇಕು, ಅವರ ಕಡೆಯಿಂದ ತಡವಾದ್ರೆ ದಿನಕ್ಕೆ 5,000. ಕೇಳದೇ ಇದ್ರೆ ಯಾರೂ ತಾವಾಗಿ ಕೊಡಲ್ಲ.

ಜೋಳದ ತೆನಿ
ನಮ್ಮ ಕಡೆ ಸಂಘದ ಸಾಲ, ಮೈಕ್ರೋಫೈನಾನ್ಸ್‌ನವರ ಕಾಟ ಹೆಚ್ಚ. ಕಂತು ತಪ್ಪಿತಂದ್ರ ಮನಿ ಮುಂದ ಬಂದು ಕುಂದರ್ತಾರ. ಅದಕ್ಕೇನ್ ಹೇಳ್ತೀರಿ?

ಶೂನ್ಯ ಸಂಪಾದಕ
ರಿಸರ್ವ್ ಬ್ಯಾಂಕ್ ನಿಯಮದ ಪ್ರಕಾರ ಮೈಕ್ರೋಫೈನಾನ್ಸ್ ಸಾಲಕ್ಕೆ ಅಡಮಾನ ಇಟ್ಟುಕೊಳ್ಳೋಹಾಗಿಲ್ಲ. ಕುಟುಂಬದ ಎಲ್ಲಾ ಸಾಲದ ತಿಂಗಳ ಕಂತು ಸೇರಿ ಆದಾಯದ 50% ದಾಟಬಾರದು. ವಸೂಲಿ ಇಬ್ಬರೂ ಸೇರಿ ಗೊತ್ತು ಮಾಡಿದ ಜಾಗದಲ್ಲಿ. ಎರಡು ಅಥವಾ ಹೆಚ್ಚು ಸಲ ಸತತವಾಗಿ ಅಲ್ಲಿಗೆ ಹೋಗದಿದ್ರೆ ಮಾತ್ರ ಮನೆಗೆ ಬರಬಹುದು. ಬೆಳಗ್ಗೆ 9ಕ್ಕೆ ಮೊದಲು, ಸಂಜೆ 6ರ ನಂತರ ಫೋನ್ ಮಾಡೋಹಾಗಿಲ್ಲ. ಬೇರೆ ಸಾಲಗಳಿಗೆ ಇದು 8ರಿಂದ 7.

2025ರ ಫೆಬ್ರವರಿಯಲ್ಲಿ ಕರ್ನಾಟಕ ಸರ್ಕಾರ ಬಲವಂತದ ವಸೂಲಿ ವಿರುದ್ಧ ಸುಗ್ರೀವಾಜ್ಞೆ ತಂತು, ಆಮೇಲೆ ಅದೇ ಕಾಯ್ದೆ ಆಯ್ತು. 10 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ.

ಬಡ್ಡಿಲೆಕ್ಕ
ಅಲ್ಲಿ ಒಂದು ತಿದ್ದುಪಡಿ. ಆ ಕಾನೂನು ರಿಸರ್ವ್ ಬ್ಯಾಂಕಿನಲ್ಲಿ ನೋಂದಾಯಿಸಿದ ಬ್ಯಾಂಕ್, ಎನ್‌ಬಿಎಫ್‌ಸಿಗಳಿಗೆ ಅನ್ವಯ ಆಗಲ್ಲ. ನೋಂದಣಿ ಇಲ್ಲದ ಲೇವಾದೇವಿಯವರಿಗೆ ಅದು. ನೋಂದಾಯಿತ ಕಂಪನಿಯ ಏಜೆಂಟ್ ಬೆದರಿಸಿದ್ರೆ ಪೊಲೀಸ್ ದೂರಿನ ಜೊತೆ ಕಂಪನಿಗೂ ಲಿಖಿತ ದೂರು ಕೊಡಿ. ಏಜೆಂಟ್ ಮಾಡಿದ್ದಕ್ಕೆ ಕಂಪನಿಯೇ ಹೊಣೆ, "ಅವನು ನಮ್ಮ ನೌಕರ ಅಲ್ಲ" ಅನ್ನೋ ಮಾತು ನಡೆಯಲ್ಲ.

ಚಿಲ್ಲರೆ ಡಬ್ಬಿ
ತುಂಬಾ ವಿಷಯ ತಿಳೀತು. ಕೊನೇ ಪ್ರಶ್ನೆ: ಬ್ಯೂರೋನೂ ಕೇಳಲಿಲ್ಲ, ಬ್ಯಾಂಕೂ ಕೇಳಲಿಲ್ಲ ಅಂದ್ರೆ ಎಲ್ಲಿಗೆ ಹೋಗೋದು? ಆ 30 ದಿನದಲ್ಲಿ ಭಾನುವಾರ, ರಜಾದಿನ ಎಣಿಸಬೇಕಾ?

ಕಾಗದ ಪತ್ರ
ಎಣಿಸಿ, ಅವು ಕ್ಯಾಲೆಂಡರ್ ದಿನ. 30 ಆದ್ಮೇಲೆ ಅಥವಾ ಅದಕ್ಕೂ ಮುಂಚೆಯೇ ಸಮಾಧಾನ ಆಗದ ಉತ್ತರ ಬಂದ್ರೆ ರಿಸರ್ವ್ ಬ್ಯಾಂಕ್ ಒಂಬಡ್ಸ್‌ಮನ್‌ಗೆ (ದೂರು ವಿಚಾರಿಸೋ ಅಧಿಕಾರಿಗೆ) ಅದರ ದೂರಿನ ವೆಬ್‌ಸೈಟ್ ಆದ ಸಿಎಂಎಸ್ ಪೋರ್ಟಲ್‌ನಲ್ಲಿ ದೂರು ಹಾಕಿ, ಫೀಸ್ ಇಲ್ಲ. 2022ರ ಸೆಪ್ಟೆಂಬರ್ 1ರಿಂದ ಬ್ಯೂರೋಗಳೂ ಅದರ ವ್ಯಾಪ್ತಿಗೆ ಬಂದಿವೆ. ಗೊಂದಲ ಇದ್ರೆ 14448ಕ್ಕೆ ಫೋನ್ ಮಾಡಿ ಕೇಳಿ. ಕಂಪನಿಗೆ ಮೊದಲು ದೂರು ಕೊಡದೇ ನೇರ ಅಲ್ಲಿಗೆ ಹೋದ್ರೆ ತಿರಸ್ಕಾರ ಆಗುತ್ತೆ, ಜನ ಸೋಲೋದೇ ಅಲ್ಲಿ. ಅದಕ್ಕೇ ಮೊದಲ ದೂರಿನ ನಂಬರ್, ದಿನಾಂಕ ಎರಡೂ ಬೇಕೇ ಬೇಕು ಅಂದಿದ್ದು. ನಿಮ್ಮ ಹೆಸರಲ್ಲಿ ಬೇರೆ ಯಾರೋ ಸಾಲ ಎತ್ತಿದ್ದು ಕಂಡ್ರೆ ಮಾತ್ರ 30 ದಿನ ಕಾಯಬೇಡಿ, ಅವತ್ತೇ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಹೇಳಿ. ಆಮೇಲೆ ಸಾಲದಾತರಿಂದ ಅರ್ಜಿಯ ಪ್ರತಿ, ಕೆವೈಸಿ, ದುಡ್ಡು ಯಾವ ಖಾತೆಗೆ ಹೋಯ್ತು ಅನ್ನೋ ವಿವರ, ಮೂರನ್ನೂ ಲಿಖಿತವಾಗಿ ಕೇಳಿ.

ಅಡ್ಡಗೋಡೆ
ಇಷ್ಟು ಬರೆದುಕೊಟ್ಟಿದ್ದೀರಿ, ಕೂಲಿ ಎಷ್ಟು ಸಾರ್?

ಕಾಗದ ಪತ್ರ
31ನೇ ದಿನದಿಂದ ದಿನಕ್ಕೆ 100.